ಹಾಲಿನ ಸತ್ಯಪರೀಕ್ಷೆ

ಶಿರಸಿ ಪೇಟೆಯ ಅಂಚಿನ ಕೊಟ್ಟಿಗೆಯೊಂದರಲ್ಲಿ ಕರೆದ ಹಾಲು ಹತ್ತೇ ನಿಮಿಷದಲ್ಲಿ ನಮ್ಮ ಮನೆಬಾಗಿಲಿಗೆ ಬಂದಿತೆನ್ನೋಣ. ಕ್ಷೀರಮಾಪಕವನ್ನು ಅದರಲ್ಲಿ ತೇಲಿಬಿಡುತ್ತೇವೆ. ಅದು ಆಳಕ್ಕಿಳಿದೊಡನೆ "ನೀರು ಬೆರೆಸಿದ್ದಾನೆ" ಎಂದು ತೀರ್ಮಾನಿಸುತ್ತೇವೆ. ಈ ತೀರ್ಪು ನ್ಯಾಯವೆ?

ನೀರಿನ ಸಾಂದ್ರತೆ 1 ಎಂದರೆ ಆಕಳ ಹಾಲಿನದು ಸುಮಾರು 1.028ರಿಂದ 1.032. ನೀರು ಬೆರೆತಷ್ಟೂ ಹಾಲು ಹಗುರಾಗಿ ಮಾಪಕವು ಹೆಚ್ಚು ಮುಳುಗುವುದು. ಆದರೆ ಆಗತಾನೆ ಕರೆದ ಹಾಲಿನ ಬಿಸುಪೂ ಅದರೊಳಗಿನ ಗಾಳಿಯ ಗುಳ್ಳೆಗಳೂ ಅದನ್ನು ಹಗುರಾಗಿಸುತ್ತವೆ. ಹೀಗೆ ನಿರಪರಾಧಿಯೂ ಕಳ್ಳನೆನಿಸಬಹುದು. ಇತ್ತ ಜಿಡ್ಡು ನೀರಿಗಿಂತ ಹಗುರವಾದುದರಿಂದ, ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ. ಕೆನೆ ತೆಗೆದು, ಲೆಕ್ಕವಿಟ್ಟು ನೀರು ಸುರಿದವನು ಮಾಪಕದ ಕಣ್ಣಿಗೆ ಪ್ರಾಮಾಣಿಕನೇ!

ಆದುದರಿಂದ ಜಿಡ್ಡನ್ನೇ ಅಳೆಯಬೇಕು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಗಂಧಕಾಮ್ಲವು ಹಾಲಿನ ಪ್ರೋಟೀನನ್ನು ಕರಗಿಸುತ್ತದೆ. ಬಳಿಕ ನಳಿಗೆಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಜಿಡ್ಡು ಬೇರ್ಪಟ್ಟು ಅದರ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿನ ಗೆರೆಗಳನ್ನು ಓದಿದರಾಯಿತು.

ಪೊಟ್ಟಣದ ಹಾಲಿನ ದರ್ಜೆಗಳಿಗೆ ಜಿಡ್ಡು ಮತ್ತು ಜಿಡ್ಡಲ್ಲದ ಘನಾಂಶಗಳೇ ಆಧಾರ. ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇಕಡ 3, ಇತರ ಘನಾಂಶ 8.5 ಇರಬೇಕು, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5 ಮತ್ತು 8.5, ಫುಲ್ ಕ್ರೀಮ್ ಹಾಲಿನಲ್ಲಿ 6 ಮತ್ತು 9.

ಆದರೆ ಗಟ್ಟಿ ಹಾಲೆಲ್ಲವೂ ಶುದ್ಧವಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸುವುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪದ್ಧತಿ. ಅಡಿಕೆ ತೋಟಕ್ಕೆ ಗೊಬ್ಬರವಾಗುವ ಆ ಹಾಸು ಬ್ಯಾಕ್ಟೀರಿಯಗಳ ತವರೂ ಹೌದು. ಕೆಚ್ಚಲು ತೊಳೆಯದೆ ಕರೆದರೆ ಅವು ತಂಬಿಗೆಗೆ ಇಳಿಯುತ್ತವೆ. ಇವನ್ನು ಕಂಡುಹಿಡಿಯಲು ಹಸಿ ಹಾಲಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡುತ್ತಾರೆ. ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ಬಳಸಿಕೊಂಡಂತೆ ನೀಲಿ ಮಾಯವಾಗುತ್ತದೆ. ಐದು ಗಂಟೆ ಉಳಿದರೆ ಹಾಲು ಅತ್ಯುತ್ತಮ. ಅರ್ಧ ಗಂಟೆಯಲ್ಲೇ ಅಳಿದರೆ ಕಳಪೆ.

1954ರ ಕಲಬೆರಕೆ ತಡೆ ಕಾಯಿದೆಯ ಬದಲಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2011ರಲ್ಲಿ ಜಾರಿಯಾಯಿತು. ಇದರಂತೆ ಹಾಲು ಮಾರುವವನು ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ತನ್ನೆಲ್ಲ ಹಾಲನ್ನೂ ಸಹಕಾರ ಸಂಘಕ್ಕೇ ಕೊಡುವ ಸದಸ್ಯ ರೈತನಿಗೆ ವಿನಾಯಿತಿಯುಂಟು. ಅಧಿಕಾರಿಯು ಬೆಲೆ ಕೊಟ್ಟು ಪಡೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾನೆ. ಒಂದು ಆಹಾರ ವಿಶ್ಲೇಷಕರಿಗೆ. ಎರಡು ಮೇಲಧಿಕಾರಿಯ ವಶಕ್ಕೆ. ಮಾರುವವನು ಕೋರಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಹೋಗುತ್ತದೆ. ಕುಡಿಯುವ ಮಗುವಿನಂತೆಯೇ ಮಾರುವವನ ಮಾನಕ್ಕೂ ಇಲ್ಲಿ ರಕ್ಷಣೆಯಿದೆ.

ನಾವೂ ಅಷ್ಟು ಮಾಡೋಣ: ಅಳೆಯುವ ಮೊದಲು ಹಾಲು ಆರುವ ತನಕ ಕಾಯೋಣ, ಕುಡಿಯುವ ಮೊದಲು ಕಾಯಿಸೋಣ.