ಕೀಟಸಂಗ್ರಹ ಮತ್ತು ಅನುಮತಿಪತ್ರ

ಜೀವಶಾಸ್ತ್ರದ ಪಾಠವು ಪುಸ್ತಕದ ಪುಟಗಳಲ್ಲಿಯೇ ಮುಗಿದುಹೋಗಬಾರದು, ವಿದ್ಯಾರ್ಥಿಯು ಜೀವಿಗಳನ್ನು ಅವುಗಳ ನೆಲೆಯಲ್ಲಿ ಕಂಡು ಅರಿಯಬೇಕು ಎಂಬುದು ಶಿಕ್ಷಣತಜ್ಞರೆಲ್ಲರೂ ಒಪ್ಪಿದ ಮಾತು. ಈ ಉದ್ದೇಶದಿಂದಲೇ ನಾಡಿನ ಶಾಲೆ-ಕಾಲೇಜುಗಳಲ್ಲಿ ಕೀಟಸಂಗ್ರಹವು ಬಹುಕಾಲದಿಂದ ನಡೆದುಬಂದಿದೆ. ಬಲೆಯಲ್ಲಿ ಹಿಡಿದ ಚಿಟ್ಟೆ, ದುಂಬಿ, ಮಿಡತೆಗಳನ್ನು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಮೂಲೆಯಲ್ಲಿ ನುಸಿಗುಳಿಗೆಯನ್ನಿರಿಸಿ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇಟ್ಟಾಗ, ನೋಡಿದವರೆಲ್ಲರೂ ಮೆಚ್ಚುವುದು ಸಹಜ. ಆದರೆ ಆ ಕೀಟಗಳು ಎಲ್ಲಿಂದ ಬಂದವು, ಅವುಗಳನ್ನು ಹಿಡಿಯಲು ಯಾರ ಒಪ್ಪಿಗೆ ಬೇಕಾಗಿತ್ತು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವನ್ನು ತಿಳಿದಿರುವುದು ಇಂದು ಪ್ರತಿಯೊಬ್ಬ ವಿಜ್ಞಾನ ಶಿಕ್ಷಕರಿಗೂ ಅವಶ್ಯವಾಗಿದೆ.

ಹದಡಿಯ ಸುತ್ತಣ ಬಯಲು ಭದ್ರಾ ನಾಲೆಯ ನೀರುಂಡು ಬೆಳೆದ ಗದ್ದೆ-ತೋಟಗಳ ನಾಡು. ಇಲ್ಲಿಂದ ಶಾಲಾಮಕ್ಕಳ ಪ್ರವಾಸಕ್ಕೆ ಎಟಕುವಷ್ಟು ದೂರದಲ್ಲಿ ಹಲವು ಸಂರಕ್ಷಿತ ಪ್ರದೇಶಗಳಿವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಹರಿಹರವನ್ನು ಹಾದು ತುಂಗಭದ್ರೆಯನ್ನು ದಾಟಿದರೆ, 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯ ದೊರೆಯುತ್ತದೆ. ಗದ್ದೆಗಳಿಗೆ ನೀರನ್ನೀಯುವ ಭದ್ರಾ ಜಲಾಶಯದ ಅಂಚಿನಲ್ಲಿಯೇ ಭದ್ರಾ ಅಭಯಾರಣ್ಯವಿದ್ದು, ಅದು 1998ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಆಗಿದೆ. ಈ ಹೆಸರುಗಳು ಕೊಂಡುಕುರಿ, ಕೃಷ್ಣಮೃಗ, ಹುಲಿಗಳನ್ನು ನೆನಪಿಗೆ ತರುತ್ತವೆಯಾದುದರಿಂದ, ಅಲ್ಲಿನ ಕಾನೂನು ದೊಡ್ಡ ಪ್ರಾಣಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಅನೇಕರು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಟ್ಟಿದಾಗಲೇ 'ವನ್ಯಜೀವಿ' ಎಂಬ ಪದದ ವಿವರಣೆಯಲ್ಲಿ ಜೇನುನೊಣ, ಚಿಟ್ಟೆ ಮತ್ತು ಪತಂಗಗಳ ಹೆಸರುಗಳನ್ನು ಸೇರಿಸಿತ್ತು. 2002ರ ತಿದ್ದುಪಡಿಯು ಬೆನ್ನೆಲುಬಿಲ್ಲದ ಜೀವಿಗಳೆಲ್ಲವನ್ನೂ 'ಪ್ರಾಣಿ' ಎಂಬ ಪದದೊಳಗೆ ತಂದಿತು. ಆದುದರಿಂದ ಅಭಯಾರಣ್ಯದೊಳಗಿನ ಇರುವೆಯೂ ಕಾನೂನಿನ ದೃಷ್ಟಿಯಲ್ಲಿ ವನ್ಯಜೀವಿಯೇ ಆಗಿದೆ. ಅಲ್ಲಿಂದ ಯಾವುದೇ ವನ್ಯಜೀವಿಯನ್ನು ನಾಶಮಾಡುವುದನ್ನಾಗಲಿ ಹೊರಗೆ ಸಾಗಿಸುವುದನ್ನಾಗಲಿ ಕಾಯಿದೆಯ 29ನೆಯ ಪ್ರಕರಣವು ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೆ ಇದೇ ಬಗೆಯ ನಿಷೇಧವನ್ನು 35ನೆಯ ಪ್ರಕರಣವು ವಿಧಿಸುತ್ತದೆ. ಅಧ್ಯಯನಕ್ಕಾಗಿ ಒಳಹೋಗಲು 28ನೆಯ ಪ್ರಕರಣದ ಮೇರೆಗೆ ಪ್ರವೇಶದ ಅನುಮತಿ ದೊರೆಯಬಹುದು. ಆದರೆ ಪ್ರವೇಶದ ಅನುಮತಿಯು ನೋಡಲು ಇರುವ ಅನುಮತಿಯೇ ಹೊರತು ಹಿಡಿದು ತರಲು ಇರುವ ಅನುಮತಿಯಲ್ಲ. ಈ ವ್ಯತ್ಯಾಸವನ್ನು ಮುಖ್ಯವಾಗಿ ಗಮನಿಸಬೇಕು.

ಇನ್ನು ಕೆಲವು ಕೀಟಗಳು ಎಲ್ಲಿಯೇ ಇರಲಿ, ಹಿತ್ತಲಿನಲ್ಲಿಯೇ ಹಾರುತ್ತಿರಲಿ, ಅವುಗಳನ್ನು ಹಿಡಿಯುವಂತಿಲ್ಲ. ಕಾಯಿದೆಯ ಅನುಸೂಚಿಗಳಲ್ಲಿ ಹೆಸರಿರುವ ಪ್ರಾಣಿಯನ್ನು ಸೆರೆಹಿಡಿಯುವುದನ್ನೂ ಕಾನೂನು 'ಬೇಟೆ' ಎಂದೇ ಕರೆಯುತ್ತದೆ. ಕೋವಿಗೂ ಚಿಟ್ಟೆಯ ಬಲೆಗೂ ಈ ಮಾತಿನಲ್ಲಿ ಭೇದವಿಲ್ಲ. ಕಪ್ಪು ರೆಕ್ಕೆಯ ಮೇಲೆ ಬಿಳಿಯ ಪಟ್ಟೆ, ಕೆಂಪು ಚುಕ್ಕೆಗಳನ್ನೂ ಕೆಂಪು ಮೈಯನ್ನೂ ಉಳ್ಳ ಕ್ರಿಮ್ಸನ್ ರೋಸ್ ಎಂಬ ಚಿಟ್ಟೆ ಈಶ್ವರಿ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ. ಬಯಲುಸೀಮೆಯ ಊರುಗಳಲ್ಲಿಯೂ ಕಾಣಸಿಗುವ ಈ ಚಿಟ್ಟೆ ಬಹುಕಾಲ ಮೊದಲನೆಯ ಅನುಸೂಚಿಯಲ್ಲಿಯೇ ಇದ್ದಿತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ಹೊಸದಾಗಿ ರಚಿಸಿರುವುದರಿಂದ, ಹಳೆಯ ಪಟ್ಟಿಯನ್ನು ನಂಬದೆ ಈಗಿನ ಪಟ್ಟಿಯನ್ನು ನೋಡಿಕೊಳ್ಳುವುದು ಕ್ಷೇಮಕರ. ಅಭಯಾರಣ್ಯದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಸೆರೆವಾಸವೂ ಕನಿಷ್ಠ 25,000 ರೂಪಾಯಿಗಳ ದಂಡವೂ ವಿಧಿಸಲ್ಪಟ್ಟಿವೆ.

ಒಂದು ಕಾಲದಲ್ಲಿ ಇಂತಹ ನಿರ್ಬಂಧಗಳಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬುವರು ಉತ್ತರ ಕನ್ನಡದ ಕಾಡುಗಳಲ್ಲಿ ಚಿಟ್ಟೆ, ಪತಂಗಗಳನ್ನು ಸಂಗ್ರಹಿಸಿದರು. ಹಿಡಿದು ಸೂಜಿ ಚುಚ್ಚುವುದಕ್ಕಷ್ಟೇ ತೃಪ್ತರಾಗದೆ, ಕಂಬಳಿಹುಳುಗಳನ್ನು ಸಾಕಿ, ಅವು ಯಾವ ಗಿಡದ ಎಲೆಯನ್ನು ತಿನ್ನುತ್ತವೆ, ಹೇಗೆ ಕೋಶ ಕಟ್ಟುತ್ತವೆ ಎಂಬುದನ್ನೆಲ್ಲ ಬರೆದಿಟ್ಟರು. ಬಯಲುನಾಡಿನ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಅವರ ಲೇಖನಮಾಲೆಯು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1909ರಿಂದ ಪ್ರಕಟವಾಯಿತು. ಇಂದಿಗೂ ವಿದ್ವಾಂಸರು ಅದನ್ನು ತೆಗೆದು ನೋಡುತ್ತಾರೆ. ಬೆಲ್ ಅವರಿಗೆ ಅನುಮತಿಪತ್ರದ ಅವಶ್ಯಕತೆಯಿರಲಿಲ್ಲ. ಏಕೆಂದರೆ ಅಂದು ಕಾಡು ವಿಸ್ತಾರವಾಗಿತ್ತು, ಸಂಗ್ರಾಹಕರು ಬೆರಳೆಣಿಕೆಯಷ್ಟಿದ್ದರು. ಇಂದು ಕಾಡು ತುಣುಕುತುಣುಕಾಗಿ ಉಳಿದಿದೆ. ಅಪೂರ್ವ ಚಿಟ್ಟೆ, ಜೀರುಂಡೆಗಳನ್ನು ಹಣ ತೆತ್ತು ಕೊಳ್ಳುವ ಹವ್ಯಾಸಿಗಳು ಪರದೇಶಗಳಲ್ಲಿದ್ದಾರೆ. ಕಾಲ ಬದಲಾದಂತೆ ನಿಯಮವೂ ಬದಲಾಗಬೇಕಾಯಿತು.

ನಿಯಮವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ 2008ರ ಪ್ರಕರಣವೊಂದು ನಿದರ್ಶನವಾಗಿದೆ. ಆ ವರ್ಷ ಜೂನ್ ತಿಂಗಳಿನಲ್ಲಿ ಡಾರ್ಜಿಲಿಂಗ್ ಜಿಲ್ಲೆಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಬಳಿ ಚೆಕ್ ದೇಶದ ಇಬ್ಬರು ಕೀಟಸಂಗ್ರಾಹಕರು ಬಂಧಿತರಾದರು. ಅವರಲ್ಲೊಬ್ಬರು ಹೆಸರಾಂತ ವಿಜ್ಞಾನಿ. ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಇಬ್ಬರನ್ನೂ ತಪ್ಪಿತಸ್ಥರೆಂದು ನಿರ್ಣಯಿಸಿ, ವಿಜ್ಞಾನಿಗೆ 20,000 ರೂಪಾಯಿಗಳ ದಂಡವನ್ನೂ ಇನ್ನೊಬ್ಬರಿಗೆ 3 ವರ್ಷಗಳ ಸೆರೆವಾಸ ಹಾಗೂ ದಂಡವನ್ನೂ ವಿಧಿಸಿತು. ಅನೇಕ ದೇಶಗಳ ಕೀಟವಿಜ್ಞಾನಿಗಳು ಈ ಕ್ರಮವನ್ನು ಪ್ರತಿಭಟಿಸಿದರು. ಆದರೂ ಕಾನೂನು ಸ್ಪಷ್ಟವಾಗಿತ್ತು. ಸಂರಕ್ಷಿತ ಪ್ರದೇಶದ ಅನುಮತಿಯಲ್ಲದೆ, 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ವಿದೇಶೀಯರು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸ್ವಾಭಾವಿಕ. ಗದ್ದೆಗೆ ಒಮ್ಮೆ ಔಷಧ ಸಿಂಪಡಿಸಿದರೆ ಲೆಕ್ಕವಿಲ್ಲದಷ್ಟು ಕೀಟಗಳು ಸಾಯುತ್ತವೆ; ಅದಕ್ಕೆ ಯಾವ ಅರಣ್ಯಾಧಿಕಾರಿಯ ಅನುಮತಿಯೂ ಬೇಡ. ಹತ್ತು ದುಂಬಿಗಳನ್ನು ಹಿಡಿಯುವ ವಿದ್ವಾಂಸನಿಗೆ ಮಾತ್ರ ಅರ್ಜಿ, ಒಪ್ಪಿಗೆ, ಕಾಯುವಿಕೆ! ಒಂದು ಹೆಣ್ಣು ಪತಂಗವು ನೂರಾರು ಮೊಟ್ಟೆಗಳನ್ನಿಡುವಾಗ ನಾಲ್ಕನ್ನು ಹಿಡಿದರೆ ಸಂತತಿಗೇನು ನಷ್ಟ? ಈ ಪ್ರಶ್ನೆಯನ್ನು ಕೀಟವಿಜ್ಞಾನಿಗಳೇ ಎತ್ತಿದ್ದಾರೆ. ಅನುಮತಿ ದೊರೆಯುವಷ್ಟರಲ್ಲಿ ಮಳೆಗಾಲ ಮುಗಿದು ಕೀಟಗಳೇ ಕಾಣದಂತಾಗುವುದೂ ಉಂಟು. ಈ ಮಾತಿನಲ್ಲಿರುವ ಸತ್ಯವನ್ನು ಅಲ್ಲಗಳೆಯಲಾಗದು.

ಆದರೆ ಈ ಆಕ್ಷೇಪಣೆಯಲ್ಲಿಯೇ ಅದರ ಉತ್ತರವೂ ಅಡಗಿದೆ. ಹೊಲಗದ್ದೆಗಳಲ್ಲಿ ಕೀಟಸಂಕುಲವು ವರ್ಷವರ್ಷವೂ ಮನುಷ್ಯನ ಕೈಯಿಂದ ಬದಲಾಗುತ್ತಿರುವುದರಿಂದಲೇ, ಬದಲಾಗದೆ ಉಳಿದ ಒಂದಿಷ್ಟು ನೆಲ ಅಗತ್ಯವಾಗುತ್ತದೆ. ಅಳೆಯುವ ಕೋಲು ತಾನೇ ಉದ್ದ-ಗಿಡ್ಡವಾಗುತ್ತಿದ್ದರೆ ಬಟ್ಟೆಯನ್ನು ಅಳೆಯಲಾಗದು. ಅಭಯಾರಣ್ಯವು ಅಂತಹ ಅಳತೆಗೋಲು. ಅಲ್ಲದೆ ಕೀಟವನ್ನು ಹಿಡಿಯುವ ವಿಧಾನಗಳು ಎಲ್ಲವೂ ಒಂದೇ ಬಗೆಯವಲ್ಲ. ಕೈಬಲೆಯಿಂದ ಬೇಕಾದ ಒಂದನ್ನು ಆರಿಸಿಕೊಳ್ಳಬಹುದು. ಆದರೆ ಇರುಳಿನಲ್ಲಿ ದೀಪವನ್ನುರಿಸಿ ಇಡುವ ಬೋನು ಬಂದುದನ್ನೆಲ್ಲ ನುಂಗುತ್ತದೆ. ಯಾರು, ಎಲ್ಲಿ, ಯಾವ ವಿಧಾನದಿಂದ, ಎಷ್ಟನ್ನು ತೆಗೆಯುತ್ತಾರೆ ಎಂಬ ಲೆಕ್ಕವು ಒಂದು ಕಡೆ ಇರಲೇಬೇಕಾಗುತ್ತದೆ. ಅನುಮತಿಪತ್ರವೆಂದರೆ ಈ ಲೆಕ್ಕಪುಸ್ತಕದ ಒಂದು ಪುಟ.

ಅನುಮತಿ ನೀಡುವ ಅಧಿಕಾರವು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು. ಕರ್ನಾಟಕದಲ್ಲಿ ಅವರ ಕಚೇರಿಯು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಅನುಸೂಚಿಯಲ್ಲಿರುವ ಪ್ರಾಣಿಗಳನ್ನು ವಿದ್ಯಾಭ್ಯಾಸ, ವೈಜ್ಞಾನಿಕ ಸಂಶೋಧನೆ, ಮಾನ್ಯತೆ ಪಡೆದ ವಸ್ತುಸಂಗ್ರಹಾಲಯ ಮೊದಲಾದ ಉದ್ದೇಶಗಳಿಗಾಗಿ ಹಿಡಿಯಲು 12ನೆಯ ಪ್ರಕರಣವು ಅವಕಾಶವೀಯುತ್ತದೆ. ಮೊದಲನೆಯ ಅನುಸೂಚಿಯ ಪ್ರಾಣಿಗಳಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. ಅಭಯಾರಣ್ಯದಿಂದ ಜೀವಿಗಳನ್ನು ಹೊರತರುವುದಾದರೆ, ಅದು ಅಲ್ಲಿನ ವನ್ಯಜೀವಿಗಳ ಸುಧಾರಣೆಗೂ ಉತ್ತಮ ನಿರ್ವಹಣೆಗೂ ಅವಶ್ಯವೆಂದು ರಾಜ್ಯ ಸರ್ಕಾರಕ್ಕೆ ಮನವರಿಕೆಯಾಗಬೇಕೆಂದು 29ನೆಯ ಪ್ರಕರಣವು ಹೇಳುತ್ತದೆ. ಅರ್ಜಿದಾರರು ತಮ್ಮ ಉದ್ದೇಶ, ಸ್ಥಳ, ಅವಧಿ, ಕೀಟಗಳ ಬಗೆ ಮತ್ತು ಸಂಖ್ಯೆ, ಹಿಡಿಯುವ ವಿಧಾನ, ಕೊನೆಗೆ ಅವುಗಳನ್ನು ಎಲ್ಲಿ ಇಡಲಾಗುವುದೆಂಬ ವಿವರಗಳನ್ನು ಸಂಸ್ಥೆಯ ಪತ್ರದೊಡನೆ ಸಲ್ಲಿಸುವುದು ಯುಕ್ತ. ಹೊಸ ಪ್ರಭೇದವೇನಾದರೂ ದೊರೆತರೆ ಅದರ ಮಾದರಿಯನ್ನು ಸರ್ಕಾರವು ಗೊತ್ತುಪಡಿಸಿದ ಭಂಡಾರದಲ್ಲಿ ಒಪ್ಪಿಸಬೇಕೆಂದು ಜೈವಿಕ ವೈವಿಧ್ಯ ಕಾಯಿದೆಯ 39ನೆಯ ಪ್ರಕರಣವು ವಿಧಿಸುತ್ತದೆ. ಸಂಗ್ರಹವು ಒಬ್ಬನ ಮನೆಯ ಅಲಂಕಾರವಾಗದೆ ಲೋಕದ ಸ್ವತ್ತಾಗಬೇಕೆಂಬುದೇ ಇದರ ಆಶಯ.

ಇಷ್ಟನ್ನು ಓದಿದ ಶಿಕ್ಷಕರು ಕೀಟಸಂಗ್ರಹದ ಗೊಡವೆಯೇ ಬೇಡವೆಂದು ಬಲೆಯನ್ನು ಅಟ್ಟಕ್ಕೆ ಹಾಕಿದರೆ, ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಏಕೆಂದರೆ ಹಿಡಿದು, ಹೋಲಿಸಿ, ಹೆಸರಿಸುವ ವಿದ್ಯೆಯ ಮೇಲೆ ರೈತನ ಅನ್ನವೇ ನಿಂತಿದೆ. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಅಪರಿಚಿತ ಹುಳುವೊಂದು ಕಾಣಿಸಿಕೊಂಡಿತು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಹುಳುಗಳನ್ನು ಸಂಗ್ರಹಿಸಿ ಪರೀಕ್ಷಿಸಿ, ಅದು ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿದ್ದ ಫಾಲ್ ಸೈನಿಕ ಹುಳುವೆಂದು ಗುರುತಿಸಿದರು. ಭಾರತದಲ್ಲಿ ಆ ಪಿಡುಗಿನ ಮೊದಲ ದಾಖಲೆ ಇದೇ. ಮೆಕ್ಕೆಜೋಳವನ್ನು ನೆಚ್ಚಿದ ದಾವಣಗೆರೆ ಸೀಮೆಯ ರೈತರಿಗೆ ಈ ಹುಳುವಿನ ಹಾವಳಿ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಅದೇ ರೀತಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ಸಿ. ಎ. ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣದಲ್ಲಿ ದಶಕಗಳ ಕಾಲ ದುಡಿದು ಜಗತ್ತಿನ ವಿದ್ವಾಂಸರ ಮನ್ನಣೆಗೆ ಪಾತ್ರರಾದರು. ಹುಳುವಿನ ಹೆಸರು ತಿಳಿಯದೆ ಅದಕ್ಕೆ ಮದ್ದನ್ನು ಹುಡುಕಲಾಗದು.

ಮೇಲಿನ ಹುಳು ದೊರೆತದ್ದು ಅಭಯಾರಣ್ಯದಲ್ಲಲ್ಲ, ಹೊಲದಲ್ಲಿ ಎಂಬುದು ಗಮನಾರ್ಹ. ಶಾಲೆಗೆ ಬೇಕಾದ ಪಾಠವೆಲ್ಲವೂ ಹದಡಿಯ ಗದ್ದೆಯ ಬದುವಿನಲ್ಲಿಯೇ ಇದೆ. ಭತ್ತದ ಕಂದು ಜಿಗಿಹುಳು, ಕಾಂಡ ಕೊರಕ, ಅವುಗಳನ್ನು ತಿಂದು ರೈತನಿಗೆ ನೆರವಾಗುವ ಗುಲಗಂಜಿ ಹುಳು ಇವುಗಳನ್ನು ಹೊಲದ ಒಡೆಯರ ಒಪ್ಪಿಗೆಯಿಂದ, ಅನುಸೂಚಿತ ಕೀಟಗಳನ್ನು ಬಿಟ್ಟು, ಸಂಗ್ರಹಿಸಲು ವನ್ಯಜೀವಿ ಕಾಯಿದೆಯ ಅಡ್ಡಿಯಿಲ್ಲ. ಪ್ರತಿಯೊಂದು ಸೂಜಿಗೂ ಸ್ಥಳ, ದಿನಾಂಕ, ಬೆಳೆ, ಹಿಡಿದವರ ಹೆಸರುಗಳುಳ್ಳ ಚೀಟಿಯನ್ನು ಪೋಣಿಸಬೇಕು. ಚೀಟಿಯಿಲ್ಲದ ಕೀಟವು ಎಷ್ಟೇ ಚೆಲುವಾಗಿದ್ದರೂ ಶಾಸ್ತ್ರಕ್ಕೆ ನಿರುಪಯುಕ್ತ. ರಂಗಯ್ಯನದುರ್ಗಕ್ಕೋ ರಾಣೆಬೆನ್ನೂರಿಗೋ ಪ್ರವಾಸ ಹೋದಾಗ ಬಲೆಯ ಬದಲು ಟಿಪ್ಪಣಿ ಪುಸ್ತಕವನ್ನೂ ಕ್ಯಾಮೆರಾವನ್ನೂ ಒಯ್ಯಬೇಕು. ಚಿಟ್ಟೆಗಳನ್ನಂತೂ ಎಲ್ಲಿಯಾದರೂ ನೋಡಿ ಬರೆದುಕೊಳ್ಳುವುದೇ ಲೇಸು. ಗ್ರಾಮ ಪಂಚಾಯಿತಿಯ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಸಿದ್ಧಪಡಿಸುವ ಜನತಾ ದಾಖಲಾತಿಗೆ ಮಕ್ಕಳ ಈ ಟಿಪ್ಪಣಿಗಳು ಬೆಲೆಯುಳ್ಳ ಸಾಮಗ್ರಿಯಾಗಬಲ್ಲವು. ಒಂದು ಒಳ್ಳೆಯ ಭೂತಗನ್ನಡಿ, ಇರುವೆ ನುಗ್ಗದ ಮರದ ಪೆಟ್ಟಿಗೆಗಳು, ಕನ್ನಡದಲ್ಲಿ ಕೀಟಗಳ ಪರಿಚಯ ಮಾಡಿಕೊಡುವ ಕೆಲವು ಪುಸ್ತಕಗಳು ಇಷ್ಟನ್ನು ಶಾಲೆಗೆ ಒದಗಿಸುವ ದಾನಿಗಳು ಈ ಕಾರ್ಯದಲ್ಲಿ ಸಹಭಾಗಿಗಳಾಗುತ್ತಾರೆ.

ಶರಣರು ಕಾಯಕವನ್ನೂ ದಯೆಯನ್ನೂ ಒಂದೇ ಬಾಳಿನಲ್ಲಿ ಕೂಡಿಸಿ ತೋರಿದರು. ವಿಜ್ಞಾನದ ಕಾಯಕಕ್ಕೂ ಈ ಮಾತು ಸಲ್ಲುತ್ತದೆ. ಅರಿವಿಗಾಗಿ ಒಂದು ಜೀವವನ್ನು ತೆಗೆಯಬೇಕಾಗಿ ಬಂದರೆ, ಅದು ಅವಶ್ಯವೇ, ಎಷ್ಟು ಸಾಕು, ಅದರಿಂದ ಯಾರಿಗೆ ಪ್ರಯೋಜನ ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಅನುಮತಿಯ ಅರ್ಜಿಯಲ್ಲಿ ಸರ್ಕಾರವು ಕೇಳುವ ಪ್ರಶ್ನೆಗಳೂ ಇವೇ ಆಗಿವೆ. ಹದಡಿಯ ಗದ್ದೆಯ ಬದುವಿನಲ್ಲಿ ಬಲೆ ಹಿಡಿದು ನಿಂತ ಬಾಲಕನು ಯಾರೂ ಕೇಳುವ ಮೊದಲೇ ಇವನ್ನು ತನಗೆ ತಾನೇ ಕೇಳಿಕೊಳ್ಳುವಂತಾದರೆ, ಶಿಕ್ಷಕರ ಶ್ರಮವು ಸಾರ್ಥಕವಾಯಿತೆಂದೇ ತಿಳಿಯಬೇಕು.