ಮಂದೆಯ ನಾಯಿ, ಬಯಲಿನ ತೋಳ

ಬಿಳಿಜೋಳದ ಸುಗ್ಗಿ ಮುಗಿದು ಎರೆಹೊಲಗಳಲ್ಲಿ ಕೂಳೆ ಮಾತ್ರ ಉಳಿದಿರುವ ದಿನಗಳಲ್ಲಿ ನಮ್ಮ ಕೊಪ್ಪಳ ಸೀಮೆಗೆ ಕುರಿಮಂದೆಗಳು ಬಂದಿಳಿಯುತ್ತವೆ. ಹಗಲೆಲ್ಲ ಅವು ಬಯಲಿನಲ್ಲಿ ಮೇಯುವುದು, ರಾತ್ರಿ ಯಾರಾದರೊಬ್ಬ ಒಕ್ಕಲಿಗನ ಹೊಲದಲ್ಲಿ ತಂಗುವುದು. ಹಿಕ್ಕೆ ಗಂಜಲಗಳಿಂದ ನೆಲಕ್ಕೆ ಗೊಬ್ಬರವಾಗುವುದರಿಂದ ಹೊಲದವನು ಕುರುಬನಿಗೆ ಕಾಳನ್ನೋ ಹಣವನ್ನೋ ಕೊಡುವುದು ವಾಡಿಕೆ. ನನ್ನ ಹೊಲದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಕುರಿ ನಿಲ್ಲಿಸುತ್ತ ಬಂದ ಒಬ್ಬ ವೃದ್ಧರುಂಟು. ಅವರನ್ನು ನಾವೆಲ್ಲರೂ ‘ಅಜ್ಜ’ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಓದುಬರಹವಿಲ್ಲದ ಈ ಹಿರಿಯರಿಗೆ ನಾಯಿಗಳ ವಿಷಯದಲ್ಲಿಯೂ ತೋಳಗಳ ವಿಷಯದಲ್ಲಿಯೂ ಖಚಿತವಾದ ಅಭಿಪ್ರಾಯಗಳಿವೆ. ಅವುಗಳಲ್ಲಿ ಕೆಲವನ್ನು ನಾನು ಪುಸ್ತಕಗಳೊಡನೆ ಹೋಲಿಸಿ ನೋಡಿದ್ದೇನೆ. ಒಂದನ್ನು ಮಾತ್ರ ನಷ್ಟ ತೆತ್ತು ಕಲಿಯಬೇಕಾಯಿತು.

ಮೊದಲು ನಾಯಿಯ ಜಾತಿಯ ಮಾತು. ಮುಧೋಳದ ಬೇಟೆನಾಯಿಯ ಬಗ್ಗೆ ನನಗೆ ಬಹಳ ಅಭಿಮಾನ. ಅದು ನಮ್ಮ ಬಾಗಲಕೋಟೆ ಜಿಲ್ಲೆಯ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರವೂ ಅಚ್ಚಾಯಿತು. “ಇಂಥ ನಾಯಿಯೊಂದನ್ನು ಮಂದೆಗೆ ತರಬಾರದೇಕೆ ಅಜ್ಜಾರ?” ಎಂದು ಒಮ್ಮೆ ಕೇಳಿದೆ. ಅಜ್ಜ ನಕ್ಕುಬಿಟ್ಟರು. “ಅದು ಓಡೋ ನಾಯಿ ತಮ್ಮಾ. ನನಗ ಕೂಡ್ರೋ ನಾಯಿ ಬೇಕು” ಎಂದರು.

ಈ ಮಾತಿನಲ್ಲಿ ಪ್ರಾಣಿಶಾಸ್ತ್ರವೇ ಅಡಗಿದೆ. ಮುಧೋಳದ ನಾಯಿ ವಾಸನೆಯಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ವರ್ಗಕ್ಕೆ ಸೇರಿದುದು. ಆಳವಾದ ಎದೆಗೂಡು, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ, ಬಿಲ್ಲಿನಂತೆ ಬಾಗಿ ಚಾಚುವ ಬೆನ್ನು, ಇವೆಲ್ಲ ಓಟಕ್ಕೆಂದೇ ಆದ ಅಂಗರಚನೆ. ಇಂಥ ನಾಯಿ ಪೂರ್ಣವೇಗದಲ್ಲಿ ಓಡುವಾಗ ಪ್ರತಿಯೊಂದು ನೆಗೆತದಲ್ಲಿಯೂ ಎರಡು ಸಲ ಅದರ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ಇದೇ ವರ್ಗದ ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗವನ್ನು ಮುಟ್ಟಬಲ್ಲದು. ನೀಳಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ದೃಷ್ಟಿಕಣಗಳು ಅಡ್ಡಲಾದ ಒಂದು ಪಟ್ಟಿಯಂತೆ ಒತ್ತಾಗಿರುತ್ತವೆಂದೂ, ಮೊಂಡುಮೂತಿಯವುಗಳಲ್ಲಿ ನಡುವೆ ಗುಂಪುಗೂಡಿರುತ್ತವೆಂದೂ 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ದಿಗಂತದಲ್ಲಿ ಮೊಲವೊಂದು ಅಲುಗಿದರೆ ನೀಳಮೂತಿಯ ನಾಯಿಗೆ ತಟ್ಟನೆ ಕಾಣುವುದು. ಕಂಡರೆ ಅಟ್ಟದೆ ಇರಲಾರದು. ಅದು ಮೊಲವನ್ನಟ್ಟಿ ಹೋದಮೇಲೆ ಮಂದೆಯನ್ನು ಕಾಯುವವರು ಯಾರು?

ಅಜ್ಜನ ನಾಯಿಗಳಿಗೆ ಹೇಳಿಕೊಳ್ಳುವಂಥ ಕುಲಗೋತ್ರಗಳಿಲ್ಲ. ತಾಯಿ ಮಂದೆಯದಾಗಿರಬೇಕು ಎಂಬುದೊಂದೇ ಅವರ ನಿಯಮ. ಕಣ್ಣುಬಿಟ್ಟು ತಿರುಗಾಡತೊಡಗಿದ ಮರಿಯನ್ನು ಅವರು ಕುರಿಮರಿಗಳ ನಡುವೆಯೇ ಬಿಡುತ್ತಾರೆ. ಅದು ಅಲ್ಲಿಯೇ ಮಲಗಬೇಕು, ಅಲ್ಲಿಯೇ ಉಣ್ಣಬೇಕು. ಊರಿನ ಮಕ್ಕಳ ಕೈಗೆ ಅದನ್ನು ಕೊಡುವುದಿಲ್ಲ. ಮರಿಯ ಕಿವಿಯನ್ನೋ ಬಾಲವನ್ನೋ ಅದು ಕಚ್ಚಿ ಎಳೆದಾಡಿದರೆ ಆಗಲೇ ಗದರಿಸುತ್ತಾರೆ. “ಮೂರು ತಿಂಗಳೊಳಗ ಕುರಿ ವಾಸನಿ ಹತ್ತಬೇಕು. ಆಮ್ಯಾಲ ಹತ್ತಂಗಿಲ್ಲ” ಎಂಬುದು ಅವರ ಲೆಕ್ಕ.

ಈ ಮೂರು ತಿಂಗಳ ಲೆಕ್ಕವನ್ನು ಕೇಳಿ ನಾನು ಬೆರಗಾದೆನು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಮರಿಗೆ ಸುಮಾರು 3 ವಾರವಾದಂದಿನಿಂದ 12 ವಾರದವರೆಗಿನ ಅವಧಿಯಲ್ಲಿ ಅದು ಯಾರೊಡನೆ ಬೆಳೆಯುವುದೋ ಅವರೇ ಜೀವನಪರ್ಯಂತ ಅದರ ಬಂಧುಗಳು. ಮನುಷ್ಯರೊಡನೆ ಬೆಳೆದರೆ ಮನುಷ್ಯರು. ಕುರಿಗಳೊಡನೆ ಬೆಳೆದರೆ ಕುರಿಗಳು. ಆ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಬಲುಕಷ್ಟ. ಮಂದೆಯ ನಾಯಿಗೆ ಕುರಿ ಬೇಟೆಯ ವಸ್ತುವಲ್ಲ, ತನ್ನ ಗುಂಪು. ಮನೆಯನ್ನು ಕಾಯುವ ನಾಯಿ ಮನೆಯವರನ್ನು ಕಾಯುವಂತೆಯೇ ಇದು ಕುರಿಗಳನ್ನು ಕಾಯುತ್ತದೆ.

ಪರದೇಶಗಳ ಚಲಚ್ಚಿತ್ರಗಳಲ್ಲಿ ಕುರಿಗಳನ್ನು ಸುತ್ತಿಸುತ್ತಿಸಿ ಓಡಿಸುವ ಚುರುಕಾದ ನಾಯಿಯನ್ನು ನೋಡಿದವರು ಎಲ್ಲ ಕುರಿನಾಯಿಗಳೂ ಹಾಗೆಯೇ ಎಂದು ತಿಳಿಯುವುದುಂಟು. ಅದು ಬೇರೆ ಕಸುಬು. ತೋಳದ ಬೇಟೆಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು ಎಂಬ ಮೆಟ್ಟಿಲುಗಳಿವೆಯಷ್ಟೆ. ಓಡಿಸುವ ನಾಯಿಯಲ್ಲಿ ಮನುಷ್ಯನು ಮೊದಲ ಮೂರನ್ನು ಉಳಿಸಿಕೊಂಡು ಕೊನೆಯವನ್ನು ಅಡಗಿಸಿದ್ದಾನೆ. ಕಾಯುವ ನಾಯಿಯಲ್ಲಾದರೋ ಇಡೀ ಸರಣಿಯೇ ಮಂಕಾಗಿರಬೇಕು. ಅಜ್ಜನ ನಾಯಿಗಳನ್ನು ಹಗಲು ಹೊತ್ತಿನಲ್ಲಿ ಕಂಡವರು ಶುದ್ಧ ಸೋಮಾರಿಗಳೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ತೋಳ ಬಂದಾಗ ಅವು ಮಾಡುವುದಾದರೂ ಏನು? ಹಲವರು ಊಹಿಸುವಂತೆ ಘೋರವಾದ ಕಾಳಗವೇನೂ ನಡೆಯುವುದಿಲ್ಲ. ನಮ್ಮ ಬಯಲಿನ ತೋಳ ಉತ್ತರದೇಶಗಳ ತೋಳದಂತೆ ಭಾರಿ ಮೃಗವಲ್ಲ; ತೂಕ ಸಾಮಾನ್ಯವಾಗಿ 20 ಕಿಲೋಗ್ರಾಮಿನ ಆಸುಪಾಸು. ಕಾಲೊಂದು ಮುರಿದರೆ ಅದು ಉಪವಾಸದಿಂದ ಸಾಯಬೇಕಾದೀತು. ನಾಯಿ ಬೊಗಳಿ ಎದುರು ನಿಂತಿತೆಂದರೆ ಗುಟ್ಟು ಬಯಲಾಯಿತು, ಕುರುಬ ಎದ್ದ, ಕೋಲು ಬಂತು ಎಂದು ಅರ್ಥ. ಲಾಭನಷ್ಟಗಳನ್ನು ತೂಗಿನೋಡಿ ತೋಳ ಹಿಂದಿರುಗುವುದು. ಎಲ್ಲ ಸಲವೂ ಅಲ್ಲ. ಹಗಲಿನಲ್ಲಿ ಮಂದೆ ಹರಡಿ ಮೇಯುವಾಗ ಹಳ್ಳದ ಮರೆಯಿಂದ ಬಂದು ಮರಿಯೊಂದನ್ನು ಹೊತ್ತೊಯ್ಯುವುದುಂಟು. ಅಜ್ಜ ಅದಕ್ಕೆ ಬೈಯುತ್ತಾರೆ, ಕೂಗುತ್ತಾರೆ, ಕಲ್ಲು ಬೀರುತ್ತಾರೆ. ಆದರೆ ಬಿಲದಲ್ಲಿ ಹೊಗೆಯಿಟ್ಟು ಮರಿಗಳನ್ನು ಕೊಂದವರಲ್ಲ. ಅವರ ಕುಲದೈವ ಮೈಲಾರಲಿಂಗ. ಆ ದೇವರ ಗೊರವರು ತಾವೇ ದೇವರ ನಾಯಿಗಳೆಂದು ಬೊಗಳುತ್ತ, ದೋಣಿಯೆಂಬ ಪಾತ್ರೆಗೆ ಬಾಯಿಟ್ಟು ಉಣ್ಣುವುದನ್ನು ಮೈಲಾರದ ಜಾತ್ರೆಯಲ್ಲಿ ಕಂಡವರುಂಟು. ಇಂಥವರ ನಡುವೆ ಬೆಳೆದವರಿಗೆ ನಾಯಿಯ ಬಳಗವೆಲ್ಲ ಹಗೆಯಾಗಿ ತೋರದಿರುವುದು ಸಹಜವೆಂದು ನನ್ನ ಭಾವನೆ.

ಈಗ ನನ್ನ ನಷ್ಟದ ಕಥೆ. ಕೆಲವು ವರ್ಷಗಳ ಹಿಂದೆ, ಶಿವರಾತ್ರಿಯಾದ ಸ್ವಲ್ಪ ದಿನಗಳಿಗೆ, ಮಂದೆ ನನ್ನ ಹೊಲದಲ್ಲಿಯೇ ತಂಗಿತ್ತು. ಅಜ್ಜನ ಹಿರಿಯ ನಾಯಿ ಸತ್ತು ಹೊಸದು ಇನ್ನೂ ಬಲಿತಿರಲಿಲ್ಲ. ಮಗನಿಗೆ ಜ್ವರವೆಂದು ಅಂದು ಕಾವಲೂ ಕಡಮೆಯಿತ್ತು. ಬೆಳಗಿನ ಜಾವ ಗದ್ದಲ ಕೇಳಿ ಓಡಿಹೋಗಿ ನೋಡಿದರೆ ಹಟ್ಟಿಯ ಬಲೆ ಹರಿದಿದೆ. 7 ಕುರಿಗಳು ಸತ್ತಿವೆ, ಮತ್ತೆ 5 ನರಳುತ್ತಿವೆ. ಕೂಡಿದ ಜನರೆಲ್ಲ “ತೋಳ, ತೋಳ” ಎಂದರು. ನಾನೂ ಹಾಗೆಯೇ ಅಂದೆನು. ಕಾಡುಪ್ರಾಣಿ ಕೊಂದ ಕುರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವುದುಂಟು. ಹಾಗೆಂದು ಬರೆದುಕೊಡಲು ಸಾಕ್ಷಿಗಳಿಗೂ ಬರವಿರಲಿಲ್ಲ.

ಅಜ್ಜ ಮಾತನಾಡದೆ ಸತ್ತ ಕುರಿಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ಗಂಟಲಿನಲ್ಲಿ ಹಲ್ಲಿನ ಗುರುತಿದ್ದುದು ಒಂದಕ್ಕೆ ಮಾತ್ರ. ಉಳಿದವುಗಳ ತೊಡೆ, ಪಕ್ಕೆ, ಕಿವಿ, ಬಾಲಗಳು ಹರಿದಿದ್ದವು. ಉಣ್ಣೆ ಕಿತ್ತು ಹರಡಿತ್ತು. ಒಂದು ಕುರಿಯನ್ನೂ ತಿಂದಿರಲಿಲ್ಲ, ಒಯ್ದಿರಲಿಲ್ಲ. ತೋಳ ಸಾಮಾನ್ಯವಾಗಿ ಗಂಟಲನ್ನು ಹಿಡಿದು ಬೇಗನೆ ಕೊಂದು, ತಿಂದು ಅಥವಾ ಎಳೆದೊಯ್ದು ಮುಗಿಸುವುದು. ದಿಕ್ಕೆಟ್ಟು ಓಡುವ ಕುರಿಗಳ ಹಿಂಗಾಲಿಗೆ ಬಾಯಿ ಹಾಕಿ, ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯುವುದು ಊರನಾಯಿಗಳ ರೀತಿ. ಅವುಗಳಲ್ಲಿ ಅಟ್ಟುವ ಗೀಳು ಉಳಿದಿದೆ, ಹಸಿವಿನ ಒತ್ತಾಯವಿಲ್ಲ, ಬೇಟೆಯ ಪಳಗಿಕೆಯಂತೂ ಇಲ್ಲ. ಇಕ್ಕಟ್ಟಾದ ಹಟ್ಟಿಯೊಳಗೆ ಸಿಕ್ಕಿದ ತೋಳವೂ ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚು ಕೊಲ್ಲುವುದುಂಟು. ಆದುದರಿಂದ ಗಾಯವೊಂದನ್ನೇ ನೋಡಿ ತೀರ್ಪು ಕೊಡಲಾಗದು. ಆದರೆ ಅಲ್ಲಿ ಎರೆಮಣ್ಣಿನ ಮೇಲೆ ಹೆಜ್ಜೆಗಳೂ ಇದ್ದವು. ಅವು ಊರ ಕಡೆಯಿಂದ ಬಂದು ಊರ ಕಡೆಗೇ ಹೋಗಿದ್ದವು. ಅವುಗಳ ಜಾಡು ಹಿಡಿದು ಅಜ್ಜ ನಡೆದು ಬಂದು ನಿಂತದ್ದು ನನ್ನ ಮನೆಯ ಅಂಗಳದಲ್ಲಿ. ನಮ್ಮ ಕರಿಯ ಕಟ್ಟೆಯ ಕೆಳಗೆ ಮಲಗಿತ್ತು. ಅದರ ಎದೆಯ ಮೇಲೆ ರಕ್ತವಿತ್ತು, ಬಾಯಲ್ಲಿ ಉಣ್ಣೆಯಿತ್ತು.

“ತ್ವಾಳ ಹಸಿದು ಬರ್ತೈತಿ, ಒಂದು ಒಯ್ತೈತಿ. ನಾಯಿ ಆಟಕ್ಕ ಬರ್ತೈತಿ, ಹಟ್ಟೀನ ಹಾಳ ಮಾಡ್ತೈತಿ” ಎಂದಷ್ಟೇ ಹೇಳಿದರು. ತೋಳದ ಹೆಸರಿನಲ್ಲಿ ಅರ್ಜಿ ಬರೆಯಲು ಅವರು ಒಪ್ಪಲಿಲ್ಲ. ಕುರಿಗಳ ಬೆಲೆಯನ್ನು ನಾನು ಎರಡು ಕಂತುಗಳಲ್ಲಿ ತೆತ್ತೆನು. ಕಚ್ಚಿಸಿಕೊಂಡ ಕುರಿಗಳ ಗಾಯಗಳನ್ನು ಸಾಬೂನು ನೀರಿನಿಂದ ಬಹಳ ಹೊತ್ತು ತೊಳೆದು, ಪಶುವೈದ್ಯರನ್ನು ಕರೆಸಿ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿದೆವು. ನಾಚಿಕೆಯ ಸಂಗತಿಯೆಂದರೆ, ಕರಿಯನಿಗೆ ನಾನು ಆವರೆಗೆ ಒಂದು ಸಲವೂ ಆ ಚುಚ್ಚುಮದ್ದನ್ನು ಹಾಕಿಸಿರಲಿಲ್ಲ. ರಾತ್ರಿ ಅದು ಎಲ್ಲಿ ತಿರುಗುವುದೆಂದೂ ವಿಚಾರಿಸಿದವನಲ್ಲ.

ಹಳ್ಳಿಗಳಲ್ಲಿ ಇಂಥ ಒಡೆಯನುಳ್ಳ ಅಲೆಮಾರಿ ನಾಯಿಗಳೂ ಒಡೆಯನಿಲ್ಲದವೂ ಹೆಚ್ಚಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ವಿಚಿತ್ರವಾದುದು. ನಾನು ಚಿಕ್ಕವನಿದ್ದಾಗ ಸತ್ತ ಎತ್ತನ್ನು ಊರಾಚೆ ಹಾಕಿದರೆ ರಣಹದ್ದುಗಳ ಹಿಂಡು ಇಳಿದು ಅರ್ಧ ದಿನದೊಳಗೆ ಎಲುಬನ್ನು ಮಾತ್ರ ಉಳಿಸುತ್ತಿತ್ತು. 1990ರ ದಶಕದಲ್ಲಿ ಆ ಹದ್ದುಗಳು ಮಾಯವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ ಹೆಣದ ಮೂಲಕ ಹದ್ದಿನ ಮೈಸೇರಿ ಅದರ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ತಿಳಿದುಬಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತ ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕೂ ಮಿಗಿಲಾಗಿ ಅಳಿದಿದ್ದವು. ಹದ್ದಿಲ್ಲದ ಎಡೆಗೆ ನಾಯಿ ಬಂತು. 1992ರಿಂದ 2006ರ ಅವಧಿಯಲ್ಲಿ ಇದೊಂದೇ ಕಾರಣದಿಂದ ದೇಶದಲ್ಲಿ 55 ಲಕ್ಷದಷ್ಟು ನಾಯಿಗಳು ಹೆಚ್ಚಿರಬಹುದೆಂದು 2008ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಅಂದಾಜು ಮಾಡಿತು.

ಇದರ ಪೆಟ್ಟು ಕುರುಬನಿಗೆ ಮಾತ್ರವಲ್ಲ. ಚಿಗರೆಯ ಮರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ, ಮೊಲ, ಯಾವುದೂ ಗುಂಪುಗೂಡಿದ ನಾಯಿಗಳಿಂದ ಪಾರಾಗುವುದಿಲ್ಲ. ರೋಗಗಳ ಮಾತು ಇನ್ನೂ ಭಯಂಕರ. ನಾಯಿಗಳ ಡಿಸ್ಟೆಂಪರ್ ರೋಗ ಹಬ್ಬಿ 1994ರಲ್ಲಿ ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು. 2018ರಲ್ಲಿ ನಮ್ಮ ಗಿರ್ ಅರಣ್ಯದ ಸಿಂಹಗಳಿಗೂ ಅದೇ ರೋಗ ತಗಲಿತು. ಸಿಂಹಕ್ಕೇ ಹೀಗಾದರೆ ನಾಯಿಯ ಒಡಹುಟ್ಟಾದ ತೋಳದ ಪಾಡೇನು? ಹುಚ್ಚು ತಗುಲಿದ ತೋಳ ಊರಿಗೆ ನುಗ್ಗಿ ಜನರನ್ನು ಕಚ್ಚಿದರೆ ಆಮೇಲೆ ಸುತ್ತಲಿನ ತೋಳಗಳೆಲ್ಲವೂ ಅಪರಾಧಿಗಳೇ. ಇನ್ನೊಂದು ಅಪಾಯ ಕಣ್ಣಿಗೆ ಕಾಣದುದು. ತೋಳಗಳು ವಿರಳವಾದೆಡೆ ಜೊತೆ ಸಿಗದ ಒಂಟಿ ತೋಳ ನಾಯಿಯೊಡನೆ ಕೂಡುವುದುಂಟು. ಪುಣೆಯ ಸಮೀಪದ ಹುಲ್ಲುಗಾವಲಿನಲ್ಲಿ ಇಂಥ ಬೆರಕೆಯ ಸಂತಾನವಿರುವುದು ವಂಶವಾಹಿಗಳ ಪರೀಕ್ಷೆಯಿಂದ ದೃಢಪಟ್ಟು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಉಳಿದಿರುವ ಈ ಬಗೆಯ ತೋಳಗಳು ಸುಮಾರು 3000 ಎಂಬ ಅಂದಾಜಿರುವಾಗ ಇದು ಸಣ್ಣ ಮಾತಲ್ಲ.

ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಾಗಿರುವುದು ಸಂತೋಷದ ಸಂಗತಿ. ಇಂಥದು ದೇಶದಲ್ಲಿ ಮೊದಲು ಆದದ್ದು ಈಗಿನ ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ, 1976ರಲ್ಲಿ. ಆದರೆ ಲೆಕ್ಕ ಹಾಕಿ ನೋಡಿ. 332 ಎಕರೆಯೆಂದರೆ ಒಂದೂಕಾಲು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ತೋಳಗಳ ಒಂದು ಗುಂಪಿನ ತಿರುಗಾಟದ ಸೀಮೆ ನೂರು ಚದರ ಕಿಲೋಮೀಟರನ್ನೂ ಮೀರುವುದು. ಧಾಮದಲ್ಲಿ ಅದು ಮರಿಹಾಕಬಹುದು. ಬದುಕಬೇಕಾದುದು ಮಾತ್ರ ಹೊರಗೆ, ದಾಖಲೆಗಳಲ್ಲಿ ‘ಪಾಳುಭೂಮಿ’ಯೆಂದು ಬರೆದಿರುವ ಗಾಯರಾಣಗಳಲ್ಲಿ, ಕುರಿಮಂದೆಗಳ ಬೆನ್ನಹಿಂದೆ. ಅಲ್ಲಿ ಅದನ್ನು ಉಳಿಸುವುದಾಗಲಿ ಅಳಿಸುವುದಾಗಲಿ ಅಜ್ಜನಂಥವರ ಕೈಯಲ್ಲಿದೆ, ಹಾಗೂ ನನ್ನಂಥವರ ಅಂಗಳದ ನಾಯಿಗಳ ಬಾಯಲ್ಲಿದೆ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ವರ್ಷವರ್ಷವೂ ಚುಚ್ಚುಮದ್ದು ಬಿದ್ದರೆ ಹುಚ್ಚುರೋಗದ ಸರಪಳಿ ತುಂಡಾಗುವುದೆಂದು ತಜ್ಞರು ಹೇಳುತ್ತಾರೆ. ಈಗ ನಮ್ಮ ಊರಿನಲ್ಲಿ ಪಶುವೈದ್ಯರು ಬಂದ ದಿನ ನಾಯಿಗಳನ್ನು ಹಿಡಿದು ತರುವ ಕೆಲಸ ನನ್ನದು. ಎರಡು ಸಲ ಕಚ್ಚಿಸಿಕೊಂಡಿದ್ದೇನೆ.

ಕರಿಯನನ್ನು ಕೊಲ್ಲಬೇಕೆಂದು ಅಂದು ಊರಿನ ಕೆಲವರು ಹಟ ಹಿಡಿದರು. ತಡೆದವರು ಅಜ್ಜನೇ. ಕತ್ತಲಾದ ಕೂಡಲೆ ಕಟ್ಟು, ಹೊಟ್ಟೆ ತುಂಬ ಹಾಕು, ಬೀಜ ಒಡೆಸು ಎಂದು ಮೂರು ಮಾತು ಹೇಳಿ ಮಂದೆಯನ್ನು ಎಬ್ಬಿಸಿಕೊಂಡು ಹೊರಟರು. ಮರುವರ್ಷ ಅವರು ನನ್ನ ಹೊಲಕ್ಕೆ ಬರುವರೋ ಇಲ್ಲವೋ ಎಂಬ ಅಳುಕು ನನಗಿತ್ತು. ಶಿವರಾತ್ರಿಯ ಮುನ್ನಾದಿನ ಬಂದರು. ಹೊಸ ನಾಯಿ ಬಲಿತು ಎತ್ತರವಾಗಿತ್ತು. ಅದು ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು, ಸರಪಳಿಯಲ್ಲಿದ್ದ ಕರಿಯನನ್ನು ಒಂದು ಸುತ್ತು ಮೂಸಿ ನೋಡಿ, ಕುರಿಗಳ ಕಡೆಗೆ ಹಿಂದಿರುಗಿತು. ಆ ರಾತ್ರಿ ಹಳ್ಳದ ಆಚೆ ತೋಳ ಊಳಿಟ್ಟಿತು. ಅಜ್ಜ ಕಂಬಳಿಯನ್ನು ಸರಿಪಡಿಸಿಕೊಂಡು, “ಬಂದಾನ” ಎಂದು, ಮತ್ತೊಂದು ಕೊರಡನ್ನು ಬೆಂಕಿಗೆ ಹಾಕಿದರು.