ಹಸ್ತ, ಚಿತ್ತೆಯ ಮಳೆಯಲ್ಲಿ ಟ್ರಯಥ್ಲಾನ್ ತಯಾರಿ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೆ ಇನ್ನೊಂದರಂತೆ ಮುಗಿಸಬೇಕಾದ ಸ್ಪರ್ಧೆಯನ್ನು ಟ್ರಯಥ್ಲಾನ್ ಎನ್ನುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ತೀರದಲ್ಲಿ 1974ರ ಸೆಪ್ಟೆಂಬರ್ 25ರಂದು ಓಟಗಾರರ ಕ್ಲಬ್ಬೊಂದು ನಡೆಸಿದ ಸ್ಪರ್ಧೆಯಿಂದ ಆರಂಭವಾದ ಈ ಕ್ರೀಡೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು. ಅಲ್ಲಿ ಸ್ಪರ್ಧಿಗಳು 1.5 ಕಿ.ಮೀ. ಈಜಿ, 40 ಕಿ.ಮೀ. ಸೈಕಲ್ ತುಳಿದು, 10 ಕಿ.ಮೀ. ಓಡುತ್ತಾರೆ. ಭಾರತದಲ್ಲಿ ಹೆಚ್ಚು ಹೆಸರಾಗಿರುವುದು ಇದಕ್ಕಿಂತ ದೀರ್ಘವಾದ, 2019ರ ಅಕ್ಟೋಬರ್‌ನಲ್ಲಿ ಗೋವಾದ ಪಣಜಿಯಲ್ಲಿ ಮೊದಲ ಬಾರಿಗೆ ನಡೆದ ‘ಐರನ್‌ಮ್ಯಾನ್ 70.3’ ಸ್ಪರ್ಧೆ. ಅದರಲ್ಲಿ ಈಜು 1.9 ಕಿ.ಮೀ., ಸೈಕಲ್ 90 ಕಿ.ಮೀ., ಓಟ 21.1 ಕಿ.ಮೀ.; ಮೂರನ್ನೂ ಕೂಡಿಸಿದರೆ ಬರುವ 70.3 ಮೈಲಿಯೇ ಅದರ ಹೆಸರಿನ ಸಂಖ್ಯೆ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್ 27ರಂದು ಇದನ್ನು 8 ಗಂಟೆ 27 ನಿಮಿಷಗಳಲ್ಲಿ ಮುಗಿಸಿದ ಮೇಲೆ, ಕ್ರೀಡಾಪುಟವನ್ನು ಹೆಚ್ಚು ಓದದ ಕನ್ನಡಿಗರಿಗೂ ಈ ಹೆಸರು ಪರಿಚಿತವಾಯಿತು.

ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ನಡೆಯುವುದರಿಂದ, ಮೊದಲ ಬಾರಿಗೆ ಸ್ಪರ್ಧಿಸುವವರಿಗೆ ಬೇಕಾಗುವ ನಾಲ್ಕೈದು ತಿಂಗಳ ಅಭ್ಯಾಸ ಅನಿವಾರ್ಯವಾಗಿ ಮಳೆಗಾಲದಲ್ಲೇ ಬೀಳುತ್ತದೆ. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ, ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತಾಗಿರುವ ಹೊಸೂರು ಮತ್ತು ಕೃಷ್ಣಗಿರಿ ಸೀಮೆಯಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಇಲ್ಲಿಗೆ ಪಶ್ಚಿಮ ಘಟ್ಟವನ್ನು ದಾಟಿ ಸೊರಗಿ ಬಂದರೂ, ಅದು ಹಿಂದೆ ಸರಿಯುವ ಹೊತ್ತಿನಲ್ಲಿ, ಅಂದರೆ ರೈತರ ಲೆಕ್ಕದ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ, ಜೋರಾಗಿಯೇ ಸುರಿಯುತ್ತದೆ. ಅದರ ಹಿಂದೆಯೇ ಬಂಗಾಳ ಕೊಲ್ಲಿಯ ಹಿಂಗಾರು ಬಂದು ನಿಲ್ಲುತ್ತದೆ. ತರಬೇತಿಯ ಹೊರೆ ಅತಿ ಹೆಚ್ಚಾಗಿರಬೇಕಾದ ವಾರಗಳೂ ಮಳೆ ಅತಿ ಹೆಚ್ಚಾಗಿರುವ ವಾರಗಳೂ ಒಂದೇ ಆಗಿರುವುದು ಈ ಸೀಮೆಯ ಸ್ಪರ್ಧಿಗಳ ಪಾಲಿಗೆ ಬಂದಿರುವ ವಾಸ್ತವ.

ಆದರೆ ಇಲ್ಲಿಯ ಮಳೆಗೆ ಒಂದು ಹೊತ್ತಿದೆ, ಅದನ್ನು ಅರಿತವರಿಗೆ ಅರ್ಧ ಕೆಲಸ ಹಗುರವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಗುಡುಗುಮಳೆ ಬಹುಮಟ್ಟಿಗೆ ಹಗಲಿನ ಬಿಸಿಲಿಗೆ ಕಾದ ನೆಲದಿಂದ ಮೇಲೇರುವ ತೇವದ ಗಾಳಿ ಮೋಡವಾಗಿ ಸಂಜೆ ಅಥವಾ ರಾತ್ರಿಯ ಹೊತ್ತಿಗೆ ಒಡೆಯುವುದರಿಂದ ಬರುತ್ತದೆ. ಹೀಗಾಗಿ ಮುಂಜಾನೆಯ ಹೊತ್ತಿಗೆ ರಸ್ತೆ ಒದ್ದೆಯಾಗಿದ್ದರೂ ಆಕಾಶ ಸಾಮಾನ್ಯವಾಗಿ ಬಿಡುವು ಕೊಟ್ಟಿರುತ್ತದೆ. ಹೊಸೂರು ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ಗಳಂಥ ಕಾರ್ಖಾನೆಗಳ ಊರು. ಬೆಳಗಿನ ಪಾಳಿಯಲ್ಲಿ ದುಡಿಯುವವರಿಗೆ ಅಭ್ಯಾಸಕ್ಕೆ ಉಳಿಯುವುದು ಸಂಜೆಯೇ ಆದ್ದರಿಂದ, ಅಂಥವರು ಸಿಡಿಲಿನ ಹೊತ್ತಿಗೇ ರಸ್ತೆಗಿಳಿಯುವಂತಾಗುತ್ತದೆ. ಅವರು ವಾರದ ದಿನಗಳ ಸೈಕ್ಲಿಂಗನ್ನು ಮನೆಯೊಳಗಿನ ಟ್ರೇನರ್‌ಗೆ, ಅಂದರೆ ಸೈಕಲ್ಲಿನ ಹಿಂಬದಿಯನ್ನು ಕೂರಿಸಿ ನಿಂತಲ್ಲೇ ತುಳಿಯುವ ಸಾಧನಕ್ಕೆ ವರ್ಗಾಯಿಸಿ, ದೂರದ ಸವಾರಿಯನ್ನು ರಜೆಯ ದಿನದ ಬೆಳಗ್ಗೆಗೆ ಉಳಿಸಿಕೊಳ್ಳುವುದು ಲೇಸು. ಸಿಡಿಲಿನ ವಿಷಯದಲ್ಲಿ ಲೋಕದೆಲ್ಲೆಡೆ ಒಪ್ಪಿತವಾದ ಸರಳ ಲೆಕ್ಕವೊಂದಿದೆ: ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ, ಕೂಡಲೇ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಬರಬಾರದು. ಸೈಕಲ್ಲಿನ ರಬ್ಬರ್ ಟೈರು ಸಿಡಿಲಿನಿಂದ ಕಾಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಮಳೆಯಲ್ಲಿ ಮೂರು ವಿಭಾಗಗಳ ಪೈಕಿ ಹೆಚ್ಚು ಅಪಾಯದ್ದು ಸೈಕ್ಲಿಂಗ್. ಬಹಳ ದಿನದ ಒಣಹವೆಯ ನಂತರ ಬೀಳುವ ಮೊದಲ ಮಳೆ, ರಸ್ತೆಯ ಮೇಲೆ ಕೂತಿದ್ದ ಎಣ್ಣೆ ಮತ್ತು ಧೂಳನ್ನು ಕಲಸಿ ತೆಳುವಾದ ಜಾರುಪದರವನ್ನು ಮಾಡುತ್ತದೆ. ಇನ್ನಷ್ಟು ಸುರಿದು ಆ ಪದರ ತೊಳೆದುಹೋದ ಮೇಲಿನ ರಸ್ತೆಗಿಂತ ಮೊದಲ ಅರ್ಧ ಗಂಟೆಯ ರಸ್ತೆಯೇ ಹೆಚ್ಚು ಕೆಟ್ಟದ್ದು. ಡಾಂಬರಿಗೆ ಒರಟುತನವಿದೆ, ಅದರ ಮೇಲೆ ಬಳಿದ ಬಿಳಿ ಪಟ್ಟೆಗಾಗಲಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳಕ್ಕಾಗಲಿ, ರೈಲು ಹಳಿಗಾಗಲಿ ಅದಿಲ್ಲ. ತಿರುವಿನಲ್ಲಿ ಸೈಕಲ್ ವಾಲಿರುವಾಗ ಮುಂದಿನ ಚಕ್ರ ಇವುಗಳಲ್ಲಿ ಯಾವುದರ ಮೇಲೆ ಹಾದರೂ ಕ್ಷಣಮಾತ್ರದಲ್ಲಿ ಹಿಡಿತ ತಪ್ಪುತ್ತದೆ. ಆದ್ದರಿಂದ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗವನ್ನು ತಗ್ಗಿಸಿ, ತಿರುವಿನೊಳಗೆ ಬ್ರೇಕು ಮುಟ್ಟದೆ, ಒಳಬದಿಯ ಪೆಡಲನ್ನು ಮೇಲಕ್ಕಿಟ್ಟು ಹೊರಬದಿಯ ಪಾದದ ಮೇಲೆ ಭಾರ ಹಾಕಿ ಸಾಗುವುದನ್ನು ಅಭ್ಯಾಸದಿಂದಲೇ ಮೈಗೂಡಿಸಿಕೊಳ್ಳಬೇಕು. ಚಕ್ರದ ಅಂಚನ್ನು ಹಿಡಿಯುವ ಹಳೆಯ ಬಗೆಯ ರಿಮ್ ಬ್ರೇಕಿನಲ್ಲಿ ಬ್ರೇಕಿನ ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಸೈಕಲ್ ಹಲವು ಮೀಟರ್ ಮುಂದಕ್ಕೆ ಹೋಗಿರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಈ ತಡ ಕಡಿಮೆ. ಟೈರಿನ ಗಾಳಿಯನ್ನು ಎಂದಿಗಿಂತ 5ರಿಂದ 10 ಪಿಎಸ್‌ಐ ಇಳಿಸಿದರೆ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ.

ಸವಾರಿ ಮುಗಿದ ಮೇಲಿನ ಹತ್ತು ನಿಮಿಷವನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒದ್ದೆ ರಸ್ತೆಯ ನುಣ್ಣನೆ ಮರಳು ಚೈನಿನ ಎಣ್ಣೆಯೊಡನೆ ಬೆರೆತು ಕರಿಯ ಹಿಟ್ಟಿನಂತಾಗಿ, ಪ್ರತಿ ತುಳಿತಕ್ಕೂ ಚೈನನ್ನೂ ಹಲ್ಲುಚಕ್ರವನ್ನೂ ಸವೆಸುತ್ತದೆ. ಚೈನನ್ನು ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಚೆನ್ನಾಗಿ ಒಣಗಿಸಿ, ಕೊಂಡಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರಿಗೆ ಅಂಟಿದ ಮರಳಿನ ಕಣಗಳನ್ನು ಉಗುರಿನಿಂದಲಾದರೂ ಕೆರೆದು ತೆಗೆದಿಡುವವರ ಸೈಕಲ್ ಮಾತ್ರ ಸ್ಪರ್ಧೆಯ ದಿನ ಕೈಕೊಡುವುದಿಲ್ಲ.

ಇನ್ನು ಯಾವ ರಸ್ತೆ ಎಂಬ ಪ್ರಶ್ನೆ. ಹೊಸೂರಿನಿಂದ ಶೂಲಗಿರಿಯ ಮೂಲಕ ಕೃಷ್ಣಗಿರಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 44 ಅಗಲವಾಗಿ ನುಣುಪಾಗಿದ್ದರೂ, ಬೆಂಗಳೂರಿನಿಂದ ಬರುವ ಲಾರಿಗಳ ಸಾಲು, ಅವುಗಳ ಚಕ್ರ ಎಬ್ಬಿಸುವ ನೀರಿನ ತುಂತುರಿನಲ್ಲಿ ಸೈಕಲ್ ಸವಾರ ಚಾಲಕನ ಕಣ್ಣಿಗೇ ಬೀಳದಂತಾಗುವುದು, ಇವೆರಡೂ ಮಳೆಯಲ್ಲಿ ಅದನ್ನು ನಿಷಿದ್ಧ ರಸ್ತೆಯನ್ನಾಗಿಸುತ್ತವೆ. ತಳಿ, ಡೆಂಕಣಿಕೋಟೆ, ರಾಯಕೋಟೆಗಳ ಕಡೆಯ ರಸ್ತೆಗಳಲ್ಲಿ ವಾಹನ ಕಡಿಮೆ, ಏರಿಳಿತ ಹಿತವಾದದ್ದು. ಆದರೆ ಅಲ್ಲಿ ಬೇರೊಂದು ಎಚ್ಚರ ಬೇಕು. ಬನ್ನೇರುಘಟ್ಟದ ಕಾಡಿನಿಂದ ಹೊರಡುವ ಆನೆಗಳ ಹಿಂಡು ಜವಳಗಿರಿ, ತಳಿ, ಡೆಂಕಣಿಕೋಟೆಗಳ ಮಾರ್ಗವಾಗಿ ಸಾಗುವುದು, ಹೊಲದಲ್ಲಿ ರಾಗಿ ತೆನೆಗಟ್ಟುವ ಹಿಂಗಾರಿನ ದಿನಗಳಲ್ಲೇ. 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮವೂ ಇದೇ ಭಾಗದಲ್ಲಿದೆ. ರಾತ್ರಿ ಹೊಲಕ್ಕಿಳಿದ ಆನೆಗಳು ಕಾಡಿಗೆ ಮರಳುವುದು ನಸುಕಿನಲ್ಲಿ. ಮಂಜು ಮುಸುಕಿದ, ಜಿನುಗು ಮಳೆಯ ನಸುಕಿನಲ್ಲಿ ಸದ್ದಿಲ್ಲದೆ ಉರುಳುವ ಸೈಕಲ್ ಆನೆಗೂ ಸವಾರನಿಗೂ ಏಕಕಾಲಕ್ಕೆ ದಿಗಿಲಿನ ಸಂಗತಿ. ಅರಣ್ಯದಂಚಿನ ರಸ್ತೆಗಳಿಗೆ ಚೆನ್ನಾಗಿ ಬೆಳಕು ಹರಿದ ಮೇಲೆ, ಊರವರನ್ನು ವಿಚಾರಿಸಿಕೊಂಡು, ಜೊತೆಗಾರರೊಡನೆ ಹೋಗುವುದೇ ಸರಿ. ಆನೆಗಳ ಹಾದಿಗೆ ಅಡ್ಡ ಬರದಿರುವುದು ಸವಾರನ ಕ್ಷೇಮಕ್ಕಷ್ಟೇ ಅಲ್ಲ, ಅವುಗಳ ಕ್ಷೇಮಕ್ಕೂ ಅಗತ್ಯ.

ಈಜಿನ ವಿಷಯದಲ್ಲಿ ಪ್ರಶ್ನೆ ಇನ್ನೂ ಗಂಭೀರವಾದದ್ದು, ಏಕೆಂದರೆ ಮಳೆಗಾಲದ ಕೆರೆ ಕಟ್ಟೆಗಳು ತುಂಬಿ ಕಣ್ಣಿಗೆ ತೋರುವ ಹೊತ್ತೇ ಅವುಗಳಲ್ಲಿ ಇಳಿಯಬಾರದ ಹೊತ್ತು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ನದಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೊರಹರಿವನ್ನು ಕೂಡಿಸಿಕೊಂಡು ಹೊಸೂರಿನ ಬಳಿಯ ಕೆಲವರಪಲ್ಲಿ ಜಲಾಶಯವನ್ನು ಸೇರುತ್ತದೆ. ಮಳೆ ಜೋರಾದಾಗ ಅಣೆಕಟ್ಟಿನಿಂದ ಬಿಟ್ಟ ನೀರು ಬಿಳಿ ನೊರೆಯ ಗುಡ್ಡೆಗಳಾಗಿ ಉಕ್ಕಿ ಪಕ್ಕದ ರಸ್ತೆಗೂ ಹೊಲಕ್ಕೂ ನುಗ್ಗಿದ್ದನ್ನು ಜನ ಹಲವು ವರ್ಷ ಕಂಡಿದ್ದಾರೆ. ಅದೇ ನದಿಯ ನೀರೇ ಮುಂದೆ ಕೃಷ್ಣಗಿರಿ ಅಣೆಕಟ್ಟಿಗೆ ಹೋಗುತ್ತದೆ. ಇಂಥ ನೀರಿನಲ್ಲಿ ಈಜುವ ಅಪಾಯ ಊಹೆಯದ್ದಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಸರೋವರದಲ್ಲಿ 1998ರ ಜೂನ್‌ನಲ್ಲಿ, ಭಾರಿ ಮಳೆಯ ಬೆನ್ನಿಗೇ ನಡೆದ ಟ್ರಯಥ್ಲಾನ್‌ನ ಸ್ಪರ್ಧಿಗಳಲ್ಲಿ 834 ಮಂದಿಯನ್ನು ಆರೋಗ್ಯಾಧಿಕಾರಿಗಳು ಸಂಪರ್ಕಿಸಿ ವಿಚಾರಿಸಿದಾಗ 98 ಮಂದಿ ಕಾಯಿಲೆ ಬಿದ್ದದ್ದು ತಿಳಿಯಿತು. ಅದು ಲೆಪ್ಟೊಸ್ಪೈರೋಸಿಸ್, ನಮ್ಮ ಜನ ಇಲಿ ಜ್ವರ ಎನ್ನುವ ರೋಗ. ಇಲಿ, ದನಕರುಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣು, ಚರ್ಮದ ಸಣ್ಣ ಗಾಯದಿಂದಲೋ ಕಣ್ಣು, ಬಾಯಿಗಳಿಂದಲೋ ಮೈಯೊಳಗೆ ಹೋಗುತ್ತದೆ, ಮಳೆಯ ನೀರು ದಡದ ಕೊಳೆಯನ್ನೆಲ್ಲ ತೊಳೆದು ತಂದಾಗ ಅದರ ಸಾಧ್ಯತೆ ಹೆಚ್ಚುತ್ತದೆ. ಸರೋವರದ ನೀರನ್ನು ನುಂಗಿದವರಲ್ಲಿ ರೋಗ ಹೆಚ್ಚು ಕಂಡಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಮಳೆಯಿಂದ ಸೆನ್ ನದಿಯ ನೀರು ಕೆಟ್ಟು, ಜುಲೈ 30ರ ಪುರುಷರ ಟ್ರಯಥ್ಲಾನನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಆ ಮರುದಿನದ ಮಹಿಳೆಯರ ಸ್ಪರ್ಧೆಯಲ್ಲಿ ಒದ್ದೆ ರಸ್ತೆಯ ಮೇಲೆ ಹಲವರು ಸೈಕಲ್ಲಿನಿಂದ ಬಿದ್ದರು. ವಿಶ್ವದ ಅತ್ಯುತ್ತಮ ಸವಾರರೇ ಬೀಳುವ ರಸ್ತೆಯಲ್ಲಿ ಹೊಸಬರು ನಿಧಾನಿಸುವುದರಲ್ಲಿ ಅವಮಾನವೇನೂ ಇಲ್ಲ.

ಆದ್ದರಿಂದ ಈ ಸೀಮೆಯಲ್ಲಿ ಮಳೆಗಾಲದ ಈಜು ಕ್ಲೋರಿನ್ ಹಾಕಿ ಕಾಪಾಡಿದ ಕೊಳಕ್ಕೇ ಸೀಮಿತವಾಗಬೇಕು. ಕೊಳದಲ್ಲಿ ತಾನಾಗಿ ಬಾರದ್ದು ತೆರೆದ ನೀರಿನ ದಿಕ್ಕು ಹಿಡಿಯುವ ವಿದ್ಯೆ. ಅಲ್ಲಿ ತಳದ ಗೆರೆ ಕಾಣುವುದಿಲ್ಲ, ಕೈಗೆ ಗೋಡೆ ಸಿಗುವುದಿಲ್ಲ. ಆದರೂ ಪ್ರತಿ ಆರೇಳು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನ ಮೇಲಕ್ಕೆತ್ತಿ ಎದುರಿನ ಗುರುತನ್ನು ನೋಡಿ ಮತ್ತೆ ಮುಖ ಇಳಿಸುವುದನ್ನು, ಗೋಡೆ ಮುಟ್ಟದೆ ಮೊದಲೇ ತಿರುಗುವುದನ್ನು, ಮೂವರು ಒಂದೇ ಸಾಲಿನಲ್ಲಿ ಒತ್ತಿಕೊಂಡು ಈಜುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಬಹುದು. ಗೋವಾದ ಕಡಲೂ ಮುಂಗಾರಿನ ತಿಂಗಳುಗಳಲ್ಲಿ ಈಜಿಗೆ ಯೋಗ್ಯವಲ್ಲದ್ದರಿಂದ, ಸ್ಪರ್ಧೆಗೆ ನಾಲ್ಕೈದು ದಿನ ಮೊದಲೇ ಅಲ್ಲಿಗೆ ಹೋಗಿ ಉಪ್ಪುನೀರಿನ ಅಲೆಗೆ ಒಗ್ಗಿಕೊಳ್ಳುವುದು ಒಳ್ಳೆಯದು.

ಓಟಕ್ಕೆ ಮಳೆ ಅಷ್ಟು ತೊಡಕಲ್ಲ. ತೊಡೆ, ಕಂಕುಳು, ಬೆರಳ ಸಂದಿಗಳಿಗೆ ವ್ಯಾಸಲಿನ್ ಹಚ್ಚಿದರೆ ಒದ್ದೆ ಬಟ್ಟೆಯ ಉಜ್ಜುಗಾಯ ತಪ್ಪುತ್ತದೆ. ನೆನೆದ ಬೂಟಿನ ಒಳಹಾಸನ್ನು ತೆಗೆದು ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ತುರುಕಿದರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಒಣಗಿರುತ್ತದೆ. ಸೈಕಲ್ ಇಳಿದ ಕೂಡಲೇ ಓಡುವ ‘ಬ್ರಿಕ್’ ಎಂಬ ಜೋಡಿ ಅಭ್ಯಾಸವನ್ನು ಒಮ್ಮೆಯಾದರೂ ಮಳೆಯಲ್ಲೇ ಮಾಡಿ, ನೆನೆದ ಕಾಲಿಗೆ ಒಣ ಸಾಕ್ಸ್ ಏರಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅರಿತಿರಬೇಕು.

ಏನನ್ನೂ ಮಾಡಬಾರದ ದಿನಗಳೂ ಇವೆ. ಫೆಂಗಲ್ ಚಂಡಮಾರುತದ ಪ್ರಭಾವದಿಂದ 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 24 ಗಂಟೆಗಳಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು, ನಿಲ್ಲಿಸಿದ್ದ ವಾಹನಗಳೇ ಕೊಚ್ಚಿಹೋದವು. ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು ಒಂದೇ ದಿನ ಬಿದ್ದ ಊರಿನಲ್ಲಿ ತರಬೇತಿ ಪಟ್ಟಿಯ ಮಾತೇ ಬರುವುದಿಲ್ಲ. ಹವಾಮಾನ ಇಲಾಖೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ರಸ್ತೆಯ ಮೇಲೆ ಹರಿಯುವ ನೀರನ್ನು ದಾಟುವ ಸಾಹಸ ಸಲ್ಲದು. ಬಿಟ್ಟುಹೋದ ಎರಡು ದಿನದ ಅಭ್ಯಾಸದಿಂದ ನಾಲ್ಕು ತಿಂಗಳ ಶಕ್ತಿ ಕರಗುವುದಿಲ್ಲ.

ಮಳೆಗಾಲದ ತಯಾರಿಯಲ್ಲಿ ಎಲ್ಲರೂ ಮರೆಯುವ ಅಪಾಯ ಮಾತ್ರ ಮಳೆಯಲ್ಲಿಲ್ಲ, ಬಿಸಿಲಿನಲ್ಲಿದೆ. ಸಮುದ್ರ ಮಟ್ಟಕ್ಕಿಂತ ಒಂಬೈನೂರು ಮೀಟರಿಗೆ ಹತ್ತಿರದ ಎತ್ತರದಲ್ಲಿರುವ ಹೊಸೂರಿನ ಮೋಡ ಕವಿದ ತಂಪಿನಲ್ಲಿ ತಿಂಗಳುಗಟ್ಟಲೆ ಪಳಗಿದ ದೇಹ, ಅಕ್ಟೋಬರ್‌ನ ಗೋವಾದಲ್ಲಿ ಬೆವರು ಆರದ ಕಡಲತೀರದ ಸೆಕೆಗೆ ನಡುಹಗಲಿನಲ್ಲಿ ಓಟಕ್ಕಿಳಿದಾಗ ಕುಸಿಯುವುದು ಸುಲಭ. ತಂಪಿನಲ್ಲಿ ಬಾಯಾರಿಕೆ ಕಡಿಮೆಯಾದ್ದರಿಂದ ನೀರು, ಉಪ್ಪಿನ ಲೆಕ್ಕವೂ ರೂಢಿಯಾಗಿರುವುದಿಲ್ಲ. ಸೆಕೆಗೆ ಒಗ್ಗಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಮತ್ತು ಧಾರಾಳವಾಗಿ ಬರುತ್ತದೆ, ಅದರಲ್ಲಿ ಉಪ್ಪಿನ ನಷ್ಟ ತಗ್ಗುತ್ತದೆ. ಇದಕ್ಕೆ ಬೇಕಾದ ನೆಲ ಹತ್ತಿರದಲ್ಲೇ ಇದೆ. ಹೊಸೂರಿಗಿಂತ ಸುಮಾರು 400 ಮೀಟರ್ ತಗ್ಗಿನಲ್ಲಿರುವ ಕೃಷ್ಣಗಿರಿ ಮಳೆಯ ತಿಂಗಳುಗಳಲ್ಲೂ ಎರಡು ಮೂರು ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಜೂನ್‌ನಲ್ಲಿ ಅಭ್ಯಾಸ ಆರಂಭಿಸಿದ ಹೊಸೂರಿನ ಸ್ಪರ್ಧಿಗಳು ಸ್ಪರ್ಧೆಗೆ ಮೊದಲಿನ ಕೊನೆಯ ಎರಡು ವಾರಗಳಲ್ಲಿ ಮಳೆ ಬಿಟ್ಟ ದಿನಗಳ ಓಟವನ್ನು ಕೃಷ್ಣಗಿರಿಯ ಮಧ್ಯಾಹ್ನಕ್ಕೆ ಮೀಸಲಿಡಲಿ, ಮಳೆ ಬಿಡದ ದಿನಗಳಲ್ಲಿ ಫ್ಯಾನ್ ಇಲ್ಲದ ಕೋಣೆಯಲ್ಲಿ ಟ್ರೇನರ್ ತುಳಿಯಲಿ, ಪಕ್ಕದಲ್ಲಿ ಉಪ್ಪು ಬೆರೆಸಿದ ನೀರಿನ ಬಾಟಲಿಯೂ ಮನೆಯವರೊಬ್ಬರೂ ಇರಲಿ.